ಮಣ್ಣು ಸಿಗದ ಪೈಲ್ವಾನ

ನಮ್ಮಪ್ಪನ ಎಡಗಿವಿ ಮುರಿದಿತ್ತು. ಗರಡಿಮನೆಯ ಮಣ್ಣಿನಲ್ಲಿ ತಿಕ್ಕಿ ತಿಕ್ಕಿ, ಒಳಗೆ ರಕ್ತ ಹೆಪ್ಪುಗಟ್ಟಿ, ಒಣ ಅಂಜೂರದ ಹಾಗೆ ಮುದುರಿಕೊಂಡ ಪೈಲ್ವಾನರ ಕಿವಿ ಅದು. ರಾಣೇಬೆನ್ನೂರು ಕಡೆಯ ನಮ್ಮೂರಿನಲ್ಲಿ ಆ ಕಿವಿಗೆ ಬೆಲೆ ಇತ್ತು. ಸಂತೆಯಲ್ಲಿ ಗುರುತಿಲ್ಲದವರೂ ಅದನ್ನು ನೋಡಿ, "ಯಾವ ಗರಡ್ಯಾಗ ಆಡಿದ್ರಿ ಯಜಮಾನ್ರ?" ಎಂದು ಮಾತಿಗೆ ನಿಲ್ಲುತ್ತಿದ್ದರು. ಉತ್ತರ ಹೇಳುವಾಗ ಅಪ್ಪನ ಬೆನ್ನು ನೆಟ್ಟಗಾಗುತ್ತಿತ್ತು. ಆ ಕಿವಿಯನ್ನು ನಾವು ಮಕ್ಕಳು ಯಾರೂ ಮುಟ್ಟಿರಲಿಲ್ಲ. ಅಪ್ಪನನ್ನೇ ಮುಟ್ಟುತ್ತಿರಲಿಲ್ಲ, ಕಿವಿಯ ಮಾತೆಲ್ಲಿ.

ಧಾರವಾಡದಲ್ಲಿ ಎಂ.ಎ. ಓದುವಾಗ ಹಳೇ ಪುಸ್ತಕದಂಗಡಿಯೊಂದರಲ್ಲಿ ಕಿತ್ತಳೆ ಬಣ್ಣದ ರಕ್ಷಾಪುಟದ ಒಂದು ಪುಸ್ತಕ ಸಿಕ್ಕಿತು. ಚಿನುವಾ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’. ಅಂಗಡಿಯಲ್ಲೇ ನಿಂತು ಮೊದಲ ಪುಟ ಓದಿದೆ. ಶುರುವಾಗುವುದೇ ಕುಸ್ತಿಯಿಂದ. ಅಮಾಲಿಂಜೆ ಎಂಬ ಪೈಲ್ವಾನ, ಏಳು ವರ್ಷ ಸೋಲು ಕಾಣದವನು. ಅವನ ಬೆನ್ನು ನೆಲ ಮುಟ್ಟುವುದೇ ಇಲ್ಲವೆಂದು ಜನ ಅವನನ್ನು ‘ಬೆಕ್ಕು’ ಎಂದು ಕರೆಯುತ್ತಿದ್ದರು. ಅಂಥವನನ್ನು 18ರ ಹುಡುಗ ಒಕೊಂಕ್ವೊ ಚಿತ್ ಮಾಡುತ್ತಾನೆ. ಡೋಲು, ಕೊಳಲು, ಉಸಿರು ಬಿಗಿಹಿಡಿದು ನಿಂತ ಜನ. ನನಗೆ ಅದು ನೈಜೀರಿಯ ಅನ್ನಿಸಲೇ ಇಲ್ಲ. ಜಾತ್ರೆಯ ಮರುದಿನದ ನಮ್ಮೂರ ಕಣವೇ ಅನ್ನಿಸಿತು. ಪುಸ್ತಕ ಮುಗಿಸುವ ಹೊತ್ತಿಗೆ ಒಕೊಂಕ್ವೊನ ಪಕ್ಷ ವಹಿಸಿಬಿಟ್ಟಿದ್ದೆ. ಅವನನ್ನು ಕೆಡಿಸಿದ್ದು ಬಿಳಿಯರು, ಅವರ ಚರ್ಚು, ಅವರ ಕೋರ್ಟು ಎಂದು ಪರೀಕ್ಷೆಯಲ್ಲೂ ಬರೆದೆ. ಅಂಕ ಚೆನ್ನಾಗಿಯೇ ಬಂತು.

ಅಪ್ಪ ತೀರಿಕೊಂಡ ವರ್ಷ ಅದೇ ಪ್ರತಿಯನ್ನು ಮತ್ತೆ ಓದಿದೆ. ಈ ಸಲ ಬೇರೆಯೇ ಪುಸ್ತಕ ಓದಿದಂತಾಯಿತು. ಅದನ್ನು ಬರೆದಿಡಬೇಕು ಅನ್ನಿಸುತ್ತಿದೆ.

ಪುಸ್ತಕದ ಹುಟ್ಟಿನ ಬಗ್ಗೆ ಸ್ವಲ್ಪ ಹೇಳಿ ಮುಂದಕ್ಕೆ ಹೋಗುತ್ತೇನೆ. ಅಚೆಬೆ ಹುಟ್ಟಿದ್ದು 1930ರಲ್ಲಿ. ಬೆಳೆದದ್ದು ನೈಜೀರಿಯದ ಇಗ್ಬೊ ಜನರ ಸೀಮೆಯ ಒಗಿಡಿ ಎಂಬ ಊರಲ್ಲಿ. ತಂದೆ ಕ್ರೈಸ್ತ ಮತಕ್ಕೆ ಸೇರಿ ಧರ್ಮಪ್ರಚಾರ ಮಾಡುತ್ತಿದ್ದವರು. ಲಾಗೋಸಿನ ರೇಡಿಯೋದಲ್ಲಿ ಕೆಲಸ ಮಾಡುತ್ತಲೇ ಮಗ ಈ ಕಾದಂಬರಿ ಬರೆದ. ಕೈಬರಹದ ಒಂದೇ ಒಂದು ಪ್ರತಿಯನ್ನು ಟೈಪ್ ಮಾಡಿಸಲು ಲಂಡನ್ನಿಗೆ ಕಳಿಸಿ, ತಿಂಗಳುಗಟ್ಟಲೆ ಸುದ್ದಿಯಿಲ್ಲದೆ ಒದ್ದಾಡಿದ್ದ. ಸಹೋದ್ಯೋಗಿ ಮಹಿಳೆಯೊಬ್ಬರು ರಜೆಗೆ ಹೋದಾಗ ಆ ಕಚೇರಿಗೇ ನುಗ್ಗಿ ಕೇಳಿದ ಮೇಲೆ ಕೆಲಸ ನಡೆಯಿತು. 1958ರಲ್ಲಿ ಲಂಡನ್ನಿನ ಹೈನೆಮನ್ ಪ್ರಕಟಿಸಿದಾಗ ಮೊದಲ ಮುದ್ರಣ ಬರೀ 2,000 ಪ್ರತಿ. ಆಗ ಅವನ ವಯಸ್ಸು 27. ಆ ವಯಸ್ಸಿಗೆ ಅಪ್ಪ-ಮಗನ ನಡುವಿನ ಗಾಯವನ್ನು ಇಷ್ಟು ಸಮೀಪದಿಂದ ಹೇಗೆ ಕಂಡನೋ, ನನಗೆ ಇವತ್ತಿಗೂ ಅಚ್ಚರಿ.

ಒಕೊಂಕ್ವೊನ ಕಥೆ ಶುರುವಾಗುವುದು ಅವನ ಅಪ್ಪ ಉನೋಕಾನಿಂದ. ಉನೋಕಾ ಕೊಳಲು ನುಡಿಸುವವನು. ಸುಗ್ಗಿ ಮುಗಿದು ಊರೂರಲ್ಲಿ ಆಟ-ಪಾಟ ಶುರುವಾದರೆ ಅವನಿಗೆ ಸ್ವರ್ಗ. ದುಡಿಮೆ ಅಷ್ಟಕ್ಕಷ್ಟೇ. ಕೈಗೆ ಬಂದದ್ದು ಹೆಂಡಕ್ಕೆ, ಗೆಳೆಯರಿಗೆ. ಊರ ತುಂಬ ಸಾಲ. ಒಂದು ದಿನ ಒಕೊಯೆ ಎಂಬ ನೆರೆಯವನು ತಾನು ಕೊಟ್ಟಿದ್ದ 200 ಕವಡೆಯ ಸಾಲವನ್ನು ವಾಪಸ್ ಕೇಳಲು ಬರುತ್ತಾನೆ. ಬಂದವನ ಮುಂದೆ ಕೋಲಾ ಕಾಯಿ ಇಟ್ಟು ಉಪಚಾರ ಮಾಡುವುದು ಅಲ್ಲಿಯ ರೀತಿ, ನಮ್ಮಲ್ಲಿ ಎಲೆ-ಅಡಿಕೆ ತಟ್ಟೆ ಮುಂದೆ ಮಾಡಿದ ಹಾಗೆ. ಮಾತೆಲ್ಲ ಮುಗಿದ ಮೇಲೆ ಸಾಲದ ವಿಷಯ ತೆಗೆದರೆ ಉನೋಕಾ ಬಿದ್ದು ಬಿದ್ದು ನಗುತ್ತಾನೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಎಳೆದ ಗೆರೆಗಳ ಗುಂಪುಗಳನ್ನು ತೋರಿಸುತ್ತಾನೆ. ಒಂದೊಂದು ಗುಂಪು ಒಬ್ಬೊಬ್ಬರ ಸಾಲ, ಒಂದೊಂದು ಗೆರೆ ನೂರು ಕವಡೆ. ದೊಡ್ಡ ಸಾಲ ಮೊದಲು ತೀರಿಸುತ್ತೇನೆ, ನಿನ್ನದು ಚಿಕ್ಕದು, ಎನ್ನುತ್ತಾನೆ.

ಓದುವವರಿಗೆ ನಗು ಬರುತ್ತದೆ. ಆದರೆ ಆ ಗೋಡೆಯನ್ನು ನೋಡುತ್ತ ಬೆಳೆದ ಮಗನಿಗೆ ನಗು ಹೇಗೆ ಬಂದೀತು? ಆಟದ ಗೆಳೆಯನೊಬ್ಬ ಅವನಿಗೆ, ನಿಮ್ಮಪ್ಪ ‘ಅಗ್ಬಾಲಾ’ ಎನ್ನುತ್ತಾನೆ. ಹೆಂಗಸು ಎಂದು ಆ ಮಾತಿನ ಅರ್ಥ. ಊರಲ್ಲಿ ಬಿರುದು ಪಡೆಯದ ಗಂಡಸಿಗೂ ಅದೇ ಮಾತು. ಅವತ್ತಿನಿಂದ ಒಕೊಂಕ್ವೊನ ಬಾಳಿಗೆ ಒಂದೇ ನೇಮ: ಉನೋಕಾ ಯಾವುದನ್ನು ಪ್ರೀತಿಸಿದ್ದನೋ ಅದನ್ನೆಲ್ಲ ದ್ವೇಷಿಸುವುದು. ಸೋಮಾರಿತನವನ್ನು ದ್ವೇಷಿಸಿದ, ಸರಿ. ಜೊತೆಗೆ ಮೃದುತ್ವವನ್ನೂ ದ್ವೇಷಿಸಿದ. ಅವನ ಒಳಗಿದ್ದದ್ದು ಭಯ, ಅಪ್ಪನಂತಾಗಿಬಿಟ್ಟೇನೆಂಬ ಭಯ ಎಂದು ಅಚೆಬೆ ಎರಡನೆಯ ಅಧ್ಯಾಯದಲ್ಲೇ ಬಿಚ್ಚಿ ಹೇಳುತ್ತಾನೆ. ಮೊದಲ ಓದಿನಲ್ಲಿ ಆ ಪುಟವನ್ನು ಹಾಗೇ ದಾಟಿಕೊಂಡು ಹೋಗಿದ್ದೆ.

ಅಗ್ಬಾಲಾ ಎಂಬ ಮಾತಿನ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಒಕೊಂಕ್ವೊನ ಸೀಮೆಯಾದ ಉಮುವೋಫಿಯಾದ ಒಂಬತ್ತು ಹಳ್ಳಿಗಳು ಯಾವ ದೇವವಾಣಿಗೆ ನಡುಗುತ್ತಿದ್ದವೋ, ಗುಡ್ಡದ ಗವಿಯಲ್ಲಿರುವ ಆ ದೈವದ ಹೆಸರೂ ಅಗ್ಬಾಲಾ. ಅದರ ಪೂಜಾರಿ ಹೆಂಗಸು. ಎಂಥ ಬಿರುದಿನ ಗಂಡಸಾದರೂ ಆ ಗವಿಯ ಕಿಂಡಿಯೊಳಗೆ ಹೊಟ್ಟೆಯ ಮೇಲೆ ತೆವಳಿಕೊಂಡೇ ಹೋಗಬೇಕು. ಒಕೊಂಕ್ವೊ ಬೈಗುಳವಾಗಿ ಕೇಳಿದ ಮಾತಿನಿಂದಲೇ ಊರು ದೇವರನ್ನು ಕರೆಯುತ್ತಿತ್ತು. ಅವನ ಕಿವಿಗೆ ಆ ಬೈಗುಳ ಮಾತ್ರ ಬಿತ್ತು.

ನನ್ನ ಮಾತೆಲ್ಲ ಇಲ್ಲಿಯೇ ಇದೆ. ಒಕೊಂಕ್ವೊ ಸಂಪ್ರದಾಯಕ್ಕಾಗಿ ಪ್ರಾಣ ಕೊಟ್ಟವನು ಎಂದು ನಾವು ಓದುತ್ತೇವೆ, ಪಾಠ ಮಾಡುತ್ತೇವೆ. ಆದರೆ ಅವನು ಹಿಡಿದುಕೊಂಡದ್ದು ಸಂಪ್ರದಾಯದ ಅರ್ಧ ಮಾತ್ರ, ತನ್ನ ಭಯಕ್ಕೆ ಒಗ್ಗುವ ಅರ್ಧ. ಮಿಕ್ಕ ಅರ್ಧವನ್ನು ಕಾಲಲ್ಲಿ ಒದ್ದ.

ಇಗ್ಬೊ ಜನರ ದೈವಗಳಲ್ಲಿ ಅವರ ಬದುಕಿಗೆ ಎಲ್ಲಕ್ಕಿಂತ ಹತ್ತಿರದವಳು ಅನಿ, ಭೂಮಿತಾಯಿ. ತಪ್ಪು-ಒಪ್ಪಿನ ಕೊನೆಯ ತೀರ್ಪು ಅವಳದು. ಬೆಳೆಯೂ ಅವಳದು, ಸತ್ತವರೂ ಅವಳ ಮಡಿಲಿಗೇ. ಒಕೊಂಕ್ವೊನ ಒಂದೊಂದು ಅಪರಾಧವನ್ನೂ ತೆಗೆದು ನೋಡಿ, ಎಲ್ಲವೂ ಅವಳ ವಿರುದ್ಧವೇ. ಬಿತ್ತನೆಗೆ ಮುಂಚಿನ ಶಾಂತಿವಾರದಲ್ಲಿ ಯಾರೂ ಯಾರಿಗೂ ಗದರಿಸಿ ಮಾತಾಡಕೂಡದು. ಆ ವಾರದಲ್ಲೇ, ಜಡೆ ಹೆಣೆಸಿಕೊಳ್ಳಲು ಹೋದ ಕಿರಿಯ ಹೆಂಡತಿ ಒಜಿಯುಗೊ ಹೊತ್ತಿಗೆ ಸರಿಯಾಗಿ ಅಡಿಗೆ ಮಾಡಲಿಲ್ಲವೆಂದು ಅವಳನ್ನು ಹೊಡೆದ. ಭೂಮಿಯ ಪೂಜಾರಿ ಮನೆಗೆ ಬಂದ. ಒಕೊಂಕ್ವೊ ಕೊಟ್ಟ ಕೋಲಾ ಕಾಯಿಯನ್ನು ಮುಟ್ಟಲಿಲ್ಲ. ದಂಡ ಹಾಕಿದ: ಒಂದು ಹೆಣ್ಣು ಮೇಕೆ, ಒಂದು ಹೇಂಟೆ, ಒಂದು ತುಂಡು ಬಟ್ಟೆ, ನೂರು ಕವಡೆ. ಹೆಂಡತಿಯದೂ ತಪ್ಪಿದ್ದಿರಬಹುದು, ಆದರೂ ನೀನು ಮಾಡಿದ್ದು ಇಡೀ ಊರನ್ನು ಹಾಳುಮಾಡಬಲ್ಲದು, ಭೂಮಿ ಬೆಳೆ ಕೊಡದೆ ಹೋದರೆ ನಾವೆಲ್ಲ ಸಾಯುತ್ತೇವೆ ಎಂದ. ಇದೂ ಸಂಪ್ರದಾಯವೇ. ಹೆಂಡತಿಯ ಮೇಲೆ ಎತ್ತಿದ ಕೈಯನ್ನು ಹಿಡಿದು ನಿಲ್ಲಿಸಿದ ಸಂಪ್ರದಾಯ.

ಆಮೇಲೆ ಇಕೆಮೆಫುನಾ.

ಆ ಅಧ್ಯಾಯವನ್ನು ಈಗಲೂ ಒಂದೇ ಉಸಿರಿಗೆ ಓದಲು ನನ್ನಿಂದ ಆಗುವುದಿಲ್ಲ. ಪಕ್ಕದ ಎಂಬಾಯಿನೊದವರು ಉಮುವೋಫಿಯಾದ ಹೆಂಗಸೊಬ್ಬಳನ್ನು ಕೊಂದದ್ದಕ್ಕೆ ಪ್ರತಿಯಾಗಿ ಒಪ್ಪಿಸಿದ 15ರ ಹುಡುಗ ಅವನು. ಮೂರು ವರ್ಷ ಒಕೊಂಕ್ವೊನ ಮನೆಯಲ್ಲಿ ಬೆಳೆದ. ಹಿರಿಮಗ ನ್ವೋಯೆಗೆ ಅಣ್ಣನಾದ. ಸಭೆಗೆ ಹೋಗುವಾಗ ಒಕೊಂಕ್ವೊನ ಮಣೆಯನ್ನೂ ಚೀಲವನ್ನೂ ಹೊತ್ತು ಮಗನ ಹಾಗೆ ಹಿಂದೆ ನಡೆಯುತ್ತಿದ್ದ. ಒಕೊಂಕ್ವೊಗೂ ಅವನ ಮೇಲೆ ಜೀವ, ಒಳಗೊಳಗೇ. ಸಿಟ್ಟೊಂದನ್ನು ಬಿಟ್ಟು ಬೇರೆ ಯಾವುದನ್ನೂ ಅವನು ಹೊರಗೆ ತೋರಿಸಿದವನಲ್ಲ.

ಹುಡುಗನನ್ನು ಕೊಲ್ಲಬೇಕೆಂದು ದೈವದ ಅಪ್ಪಣೆಯಾಗುತ್ತದೆ. ಊರ ಹಿರಿಯ ಎಜೆಯುಡು ತಾನಾಗಿ ಬಂದು, ಆ ಹುಡುಗ ನಿನ್ನನ್ನು ಅಪ್ಪಾ ಅನ್ನುತ್ತಾನೆ, ಅವನ ಸಾವಿನಲ್ಲಿ ನೀನು ಕೈ ಹಾಕಬೇಡ, ಎಂದು ಹೇಳಿ ಹೋಗುತ್ತಾನೆ. ನಿನ್ನೂರಿಗೆ ಕರೆದೊಯ್ಯುತ್ತೇವೆ ಎಂದು ನಂಬಿಸಿ, ತಲೆಯ ಮೇಲೆ ಹೆಂಡದ ಗಡಿಗೆ ಹೊರಿಸಿ ಅವನನ್ನು ನಡೆಸುತ್ತಾರೆ. ಕಾಡಿನ ಕಾಲುಹಾದಿ. ಹುಡುಗನಿಗೆ ಅವ್ವನ ನೆನಪು. ಬದುಕಿದ್ದಾಳೋ ಇಲ್ಲವೋ ಎಂದು ಮನಸ್ಸಿನಲ್ಲೇ ಮಕ್ಕಳ ಹಾಡೊಂದನ್ನು ಹಾಡಿಕೊಂಡು ಹೆಜ್ಜೆ ಹಾಕುತ್ತಾನೆ: ಹಾಡು ಬಲಗಾಲಿಗೆ ಮುಗಿದರೆ ಬದುಕಿದ್ದಾಳೆ, ಎಡಗಾಲಿಗೆ ಮುಗಿದರೆ ಇಲ್ಲ. ಅಷ್ಟರಲ್ಲಿ ಒಕೊಂಕ್ವೊ ಸಾಲಿನ ಹಿಂದಕ್ಕೆ ಸರಿದಿರುತ್ತಾನೆ. ಮೊದಲ ಏಟು ಬೇರೆಯವನದು. ಗಡಿಗೆ ಬಿದ್ದು ಒಡೆಯುವ ಸದ್ದು. "ಅಪ್ಪಾ, ನನ್ನ ಕೊಂದರು!" ಎಂದು ಹುಡುಗ ಓಡಿ ಬರುವುದು ಒಕೊಂಕ್ವೊನ ಕಡೆಗೇ. ದಿಕ್ಕೆಟ್ಟ ಒಕೊಂಕ್ವೊ ಮಚ್ಚು ಹಿರಿದು ಅವನನ್ನು ಕಡಿದುಬಿಡುತ್ತಾನೆ. ಯಾಕೆ? ತನ್ನನ್ನು ಪುಕ್ಕಲ ಅಂದಾರು ಎಂಬ ಭಯಕ್ಕೆ. ಇಡೀ ಕಾದಂಬರಿಯಲ್ಲಿ ಅವನು ಇದಕ್ಕಿಂತ ಹೆಚ್ಚು ಹೆದರಿದ ಗಳಿಗೆ ಇನ್ನೊಂದಿಲ್ಲ. ಊರ ಕಣ್ಣಿಗೆ ಅದೇ ಗಂಡಸುತನವಾಗಿ ಕಂಡಿತು ಅಂದುಕೊಂಡ. ಊರೂ ಹಾಗೆ ಕಾಣಲಿಲ್ಲ. ಜೀವದ ಗೆಳೆಯ ಒಬಿಯೆರಿಕಾ, ನಾನಾಗಿದ್ದರೆ ಮನೆಯಲ್ಲೇ ಇರುತ್ತಿದ್ದೆ, ನೀನು ಮಾಡಿದ್ದನ್ನು ಭೂಮಿ ಮೆಚ್ಚುವುದಿಲ್ಲ ಎಂದು ಮುಖಕ್ಕೇ ಹೇಳುತ್ತಾನೆ.

ಹಿಂದಿನ ದಿನ, ಇಕೆಮೆಫುನಾ ಊರಿಗೆ ಹೋಗುತ್ತಾನಂತೆ ಎಂದು ಕೇಳಿ ನ್ವೋಯೆ ಅತ್ತಿದ್ದಕ್ಕೆ ಒಕೊಂಕ್ವೊ ಅವನನ್ನು ಚೆನ್ನಾಗಿ ಬಾರಿಸಿದ್ದ. ಇದು ಒಂದೇ ವಾಕ್ಯದಲ್ಲಿ ಬಂದುಹೋಗುತ್ತದೆ. ಆ ವಾಕ್ಯದ ಮೇಲೆ ನಾನು ಬಹಳ ಹೊತ್ತು ಕೂತಿದ್ದೆ. ಎಂಟು ವರ್ಷದವನಿದ್ದಾಗ ನಮ್ಮ ಹಟ್ಟಿಯಲ್ಲಿ ಕರು ಸತ್ತದ್ದಕ್ಕೆ ಬಿಕ್ಕಳಿಸುತ್ತಿದ್ದ ನನ್ನ ರಟ್ಟೆ ಹಿಡಿದು ಅಪ್ಪ, "ಗಂಡಸ ಆಗಿ ಅಳತಿ ಏನಲೇ?" ಎಂದು ಕೆನ್ನೆಗೆ ಕೊಟ್ಟಿದ್ದ. ಏಟು ಮರೆತುಹೋಗಿದೆ. ಮಾತು ಎಷ್ಟು ಭದ್ರವಾಗಿ ಉಳಿದಿತ್ತೆಂದರೆ, ಹೋದ ವರ್ಷ ನನ್ನ ಮಗ ಶಾಲೆಯಿಂದ ಅಳುತ್ತ ಬಂದಾಗ ಅದೇ ಮಾತು, ಅದೇ ಧಾಟಿಯಲ್ಲಿ, ನನ್ನ ಬಾಯಿಂದ ಬಂತು. ಅವನು ತಕ್ಷಣ ಅಳು ನಿಲ್ಲಿಸಿದ. ಅವನು ನಿಲ್ಲಿಸಿದ ರೀತಿ ನೋಡಿ ನನಗೆ ಹೆದರಿಕೆಯಾಯಿತು. ಇಕೆಮೆಫುನಾ ಇನ್ನಿಲ್ಲವೆಂದು ತಿಳಿದ ರಾತ್ರಿ ನ್ವೋಯೆಯ ಒಳಗೆ ಏನೋ ಕಳಚಿಬಿತ್ತು, ಬಿಗಿದ ಬಿಲ್ಲಿನ ಹೆದೆ ಹರಿದ ಹಾಗೆ, ಎನ್ನುತ್ತಾನೆ ಅಚೆಬೆ. ನ್ವೋಯೆಯೂ ಅವತ್ತು ಅಳಲಿಲ್ಲ.

ಆದರೆ ಅಚೆಬೆ ಒಕೊಂಕ್ವೊನನ್ನು ರಾಕ್ಷಸ ಮಾಡಿಲ್ಲ. ನಾನೂ ಮಾಡಲಾರೆ. ಮುದ್ದಿನ ಮಗಳು ಎಜಿನ್ಮಾಳನ್ನು ದೈವ ಮೈಮೇಲೆ ಬಂದ ಪೂಜಾರಿಣಿ ರಾತ್ರೋರಾತ್ರಿ ಬೆನ್ನ ಮೇಲೆ ಹೊತ್ತು ಗವಿಗೆ ಒಯ್ಯುತ್ತಾಳೆ. ತಾಯಿ ಎಕ್ವೆಫಿ ಕತ್ತಲಲ್ಲಿ ಅವಳ ಹಿಂದೆಯೇ ಓಡುತ್ತಾಳೆ. ಅವಳು ಹೆತ್ತ ಹತ್ತು ಮಕ್ಕಳಲ್ಲಿ ಉಳಿದದ್ದು ಇದೊಂದೇ. ಗವಿಯ ಬಾಯಲ್ಲಿ ಒಬ್ಬಳೇ ನಿಂತಾಗ ಹಿಂದೆ ಯಾರೋ ಬಂದ ಸದ್ದು. ನೋಡಿದರೆ ಮಚ್ಚು ಹಿಡಿದ ಗಂಡ. ಆಗಲೇ ಬಂದನೆಂದು ನಾವು ಅಂದುಕೊಳ್ಳುತ್ತೇವೆ. ಮುಂದಿನ ಅಧ್ಯಾಯದಲ್ಲಿ, ಯಾವುದೋ ಮದುವೆ ಶಾಸ್ತ್ರದ ಗದ್ದಲದ ನಡುವೆ, ಅಚೆಬೆ ಮೆಲ್ಲಗೆ ಹೇಳುತ್ತಾನೆ: ಅದು ಒಕೊಂಕ್ವೊ ಆ ರಾತ್ರಿ ಗವಿಗೆ ಹೋದ ನಾಲ್ಕನೆಯ ಸಲ. ‘ಗಂಡಸಿಗೆ ತಕ್ಕಷ್ಟು’ ಹೊತ್ತು ಮನೆಯಲ್ಲಿ ಕಾದು, ಆಮೇಲೆ ತಡೆಯಲಾರದೆ ಮತ್ತೆ ಮತ್ತೆ ಕತ್ತಲಲ್ಲಿ ನಡೆದಿದ್ದ.

ಪಿಯುಸಿಯಲ್ಲಿ ನನಗೆ ಕಾಮಾಲೆ ಆಗಿತ್ತು. ಹಾಸ್ಟೆಲಿನಲ್ಲಿ ಒಂದು ತಿಂಗಳು ಮಲಗಿದ್ದೆ. ಅಪ್ಪ ಒಮ್ಮೆಯೂ ನೋಡಲು ಬರಲಿಲ್ಲವೆಂಬ ಸಿಟ್ಟನ್ನು ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದೆ. ನೌಕರಿ ಸಿಕ್ಕ ಮೇಲೆ ಏನೋ ಕಾಗದಕ್ಕೆಂದು ಅಲ್ಲಿಗೆ ಹೋದಾಗ ಹಳೇ ವಾಚ್‌ಮನ್ ಗುರುತು ಹಿಡಿದು ಹೇಳಿದ: "ನಿಮ್ಮಪ್ಪಾರು ಆಗ ಪ್ರತಿ ಐತವಾರ ಬಂದು ಈ ಕಟ್ಟೀ ಮ್ಯಾಲ ಕುಂದರ್ತಿದ್ರು ನೋಡ್ರಿ. ಹುಡುಗ ಹ್ಯಾಂಗದಾನ ಅಂತ ಕೇಳಿ ಸಂಜೀ ಬಸ್ಸಿಗೆ ಹೋಗ್ತಿದ್ರು. ಒಳಗ ಹೋಗ್ರಿ ಅಂದ್ರ, ಬ್ಯಾಡ ಬಿಡ್ರಿ, ನನ್ನ ನೋಡಿದ್ರ ಅತ್ತಾನು ಅಂತಿದ್ರು." ಅಳುತ್ತಿದ್ದವನು ನಾನೋ ಅವನೋ, ಈಗ ಯಾರನ್ನು ಕೇಳಲಿ?

ಒಕೊಂಕ್ವೊ ಊರು ಬಿಡುವಂತಾದದ್ದು ಮಾತ್ರ ಆಕಸ್ಮಿಕ. ಎಜೆಯುಡುವಿನ ಮಣ್ಣಿಗೆ ಹೋದಾಗ ಅವನ ಬಂದೂಕು ಸಿಡಿದು, ಸತ್ತವನ 16ರ ಮಗನೇ ಬಲಿಯಾಗುತ್ತಾನೆ. ಬೇಕೆಂದು ಮಾಡಿದ ಕೊಲೆ ಗಂಡು ಅಪರಾಧ, ಕೈತಪ್ಪಿ ಆದದ್ದು ಹೆಣ್ಣು ಅಪರಾಧ. ಇದು ಎರಡನೆಯದು. ಏಳು ವರ್ಷ ಗಡಿಪಾರು. ಹೋಗಬೇಕಾದದ್ದು ತಾಯಿಯ ತವರು ಎಂಬಾಂಟಾಕ್ಕೆ. ಜೀವಮಾನವಿಡೀ ಹೆಣ್ಣಿನ ನೆರಳು ತಾಗದ ಹಾಗೆ ನಡೆದವನನ್ನು ಅವನ ಜನರ ಕಟ್ಟಳೆಯೇ ತಾಯಿಯ ಮಡಿಲಿಗೆ ಕಳಿಸಿತು. ಸೋದರಮಾವ ಉಚೆಂಡು ಎಲ್ಲರನ್ನೂ ಕೂರಿಸಿಕೊಂಡು ಕೇಳುತ್ತಾನೆ: ನಮ್ಮಲ್ಲಿ ಮಕ್ಕಳಿಗೆ ‘ನೆಕಾ’, ಅಂದರೆ ತಾಯೇ ದೊಡ್ಡವಳು, ಎಂದು ಯಾಕೆ ಹೆಸರಿಡುತ್ತೇವೆ? ಯಜಮಾನ ಗಂಡಸಲ್ಲವೇ? ಒಕೊಂಕ್ವೊಗೆ ಉತ್ತರ ಗೊತ್ತಿಲ್ಲ. ಸುಖದ ಕಾಲಕ್ಕೆ ಅಪ್ಪನ ಊರು, ದುಃಖದ ಕಾಲಕ್ಕೆ ಅವ್ವನ ಊರು ಎಂದು ಮುದುಕನೇ ಹೇಳಿಕೊಡುತ್ತಾನೆ. ತನ್ನ 22 ಮಕ್ಕಳನ್ನು ಮಣ್ಣು ಮಾಡಿದ್ದೇನೆ, ಆದರೂ ನೇಣು ಹಾಕಿಕೊಳ್ಳಲಿಲ್ಲ, ಎಂದೂ ಹೇಳುತ್ತಾನೆ. ಅಲ್ಲಿ ಹುಟ್ಟಿದ ಮಗಳಿಗೆ ಒಕೊಂಕ್ವೊ ನೆಕಾ ಎಂದು ಹೆಸರಿಟ್ಟ, ತಾಯಿಯ ಕಡೆಯವರ ಮುಖ ನೋಡಿಕೊಂಡು. ಎರಡು ವರ್ಷದ ನಂತರ ಹುಟ್ಟಿದ ಮಗನಿಗೆ ಇಟ್ಟ ಹೆಸರು ನ್ವೋಫಿಯಾ, ಕಾಡುಪಾಲಾದಾಗ ಹುಟ್ಟಿದವನು. ಏಳು ವರ್ಷ ಉಂಡ ಮನೆ ಅವನಿಗೆ ಕಾಡಾಗಿಯೇ ಉಳಿಯಿತು.

ಇಗ್ಬೊ ಹೆಂಗಸರು ಒಕೊಂಕ್ವೊ ತಿಳಿದಂಥವರಾಗಿರಲಿಲ್ಲ ಎನ್ನುವುದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ. ಅಚೆಬೆ ಹುಟ್ಟುವ ಹಿಂದಿನ ವರ್ಷ, 1929ರಲ್ಲಿ, ತಮ್ಮ ಮೇಲೂ ತೆರಿಗೆ ಬೀಳಲಿದೆ ಎಂಬ ಸುದ್ದಿ ಹಬ್ಬಿ ಸಾವಿರಾರು ಹೆಂಗಸರು ಬ್ರಿಟಿಷರು ನೇಮಿಸಿದ ಮುಖಂಡರ ಮನೆಗಳನ್ನೂ ಕೋರ್ಟುಗಳನ್ನೂ ಮುತ್ತಿದರು. ಗುಂಡಿಗೆ 50ಕ್ಕೂ ಹೆಚ್ಚು ಹೆಂಗಸರು ಬಲಿಯಾದರು. ಕಾದಂಬರಿಯಲ್ಲಿ ಹೆಂಗಸರಿಗೆ ಇಷ್ಟು ದನಿಯಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೂ ಒಂದು ಜೋಡಿಯನ್ನು ಅಚೆಬೆ ಕಾಪಾಡಿ ಇಟ್ಟಿದ್ದಾನೆ. ನ್ಡುಲುಯೆ ಎಂಬ ಮುದುಕ ಸಾಯುತ್ತಾನೆ. ಹಿರಿಯ ಹೆಂಡತಿ ಕೋಲೂರಿಕೊಂಡು ಬಂದು ನೋಡಿ, ಹೆಸರು ಹಿಡಿದು ಕರೆದು, ತನ್ನ ಗುಡಿಸಲಿಗೆ ಹೋಗಿ ಮಲಗಿ ತಾನೂ ಸಾಯುತ್ತಾಳೆ. ಅವಳಿಗೆ ಹೇಳದೆ ಅವನು ಏನನ್ನೂ ಮಾಡುತ್ತಿರಲಿಲ್ಲವಂತೆ, ಅವರ ಮೇಲೆ ಹಾಡೇ ಇತ್ತಂತೆ. ಒಕೊಂಕ್ವೊ ಕೇಳುತ್ತಾನೆ: ಅವನು ಗಟ್ಟಿಗನಾಗಿದ್ದ ಅಂದುಕೊಂಡಿದ್ದೆನಲ್ಲ? ಗಟ್ಟಿಗನೇ, ಆ ಕಾಲಕ್ಕೆ ಉಮುವೋಫಿಯಾವನ್ನು ಯುದ್ಧಕ್ಕೆ ನಡೆಸಿದವನು ಎಂದು ಗೆಳೆಯರು ಹೇಳಿದರೂ ಒಕೊಂಕ್ವೊಗೆ ಅದು ನಂಬಲಾಗದ ಮಾತು.

ಬಿಳಿಯರು ಮಾಡಿದ್ದನ್ನು ನಾನು ಹಗುರ ಮಾಡುತ್ತಿಲ್ಲ. ಕಾದಂಬರಿಯಲ್ಲಿ ಅಬಾಮೆ ಎಂಬ ಊರನ್ನು ಸಂತೆಯ ದಿನ ಸುತ್ತುವರಿದು ಕೊಲ್ಲುತ್ತಾರೆ. ಸೈಕಲ್ಲಿನಲ್ಲಿ ಬಂದ ಬಿಳಿಯನೊಬ್ಬನನ್ನು ಊರವರು ಕೊಂದದ್ದಕ್ಕೆ ಆ ಸೇಡು. 1905ರಲ್ಲಿ ಅಹಿಯಾರಾ ಬಳಿ ಸ್ಟುವರ್ಟ್ ಎಂಬ ವೈದ್ಯನ ಕೊಲೆಯಾದ ಮೇಲೆ ಬ್ರಿಟಿಷ್ ಸೇನೆ ಸುತ್ತಲಿನ ಊರುಗಳ ಮೇಲೆ ನಡೆಸಿದ ದಾಳಿಯ ನೆರಳು ಅದರಲ್ಲಿದೆ. ಆದರೆ ಹೊಸ ಧರ್ಮಕ್ಕೆ ಮೊದಲು ಹೋದವರು ಯಾರು ನೋಡಿ: ಅವಳಿ ಹೆತ್ತು ಹೆತ್ತು, ಊರ ಕಟ್ಟಳೆಯಂತೆ ಕಾಡಿಗೆ ಎಸೆಯಬೇಕಾಗಿ ಬಂದ ತಾಯಿ, ಊರು ಹೊರಗಿಟ್ಟವರು, ಮತ್ತೆ ನ್ವೋಯೆ. ಅವನನ್ನು ಸೆಳೆದದ್ದು ಕತ್ತಲಲ್ಲಿ ಹೆದರಿ ಕೂತ ಅಣ್ಣತಮ್ಮಂದಿರ ಕುರಿತ ಒಂದು ಹಾಡು. ಇಕೆಮೆಫುನಾನ ಸಾವಿನಿಂದ ಎದೆಯಲ್ಲಿ ಕೂತಿದ್ದ ಪ್ರಶ್ನೆಗೆ ಅದು ತಂಪು ಹನಿಯಾಯಿತು. ಬಿರುಕು ಮನೆಯಲ್ಲೇ ಬಿಟ್ಟಿತ್ತು.

ಬರಗಾಲದ ಒಂದು ವರ್ಷ. ಒಕೊಂಕ್ವೊ ಇನ್ನೂ ಎಳೆಯ, ಅವನ ಸ್ವಂತ ಬಿತ್ತನೆ ಗೆಡ್ಡೆಗಳು ಮೊದಲು ಬಿಸಿಲಿಗೆ, ಸಾಲವಾಗಿ ತಂದವು ಆಮೇಲೆ ಮಳೆಗೆ ಹಾಳಾಗಿವೆ. ಆ ವರ್ಷ ಒಬ್ಬ ರೈತ ನೇಣು ಹಾಕಿಕೊಂಡ. ಕಾಯಿಲೆ ಬಿದ್ದಿದ್ದ ಉನೋಕಾ ಆಗ ಮಗನಿಗೆ ಹೇಳುತ್ತಾನೆ: ಎದೆಗುಂದಬೇಡ, ಎಲ್ಲರ ಜೊತೆ ಸೋತರೆ ಅಭಿಮಾನಿಯೂ ತಡೆದುಕೊಂಡಾನು, ಒಬ್ಬನೇ ಸೋಲುವುದು ಬಹಳ ಕಹಿ. ಅಪ್ಪನ ಈ ಮಾತು ಮಗನಿಗೆ ಕಿರಿಕಿರಿ. ಕೊನೆಯ ಸಭೆಯಲ್ಲಿ ಕೋರ್ಟಿನ ಜವಾನನ ತಲೆ ಕಡಿದು ಹಾಕಿದ ಮೇಲೆ ಉಮುವೋಫಿಯಾ ಅವನ ಹಿಂದೆ ಏಳುವುದಿಲ್ಲ. ಉಳಿದ ಜವಾನರನ್ನು ಓಡಲು ಬಿಟ್ಟುಬಿಡುತ್ತದೆ. "ಯಾಕೆ ಹೀಗೆ ಮಾಡಿದ?" ಎಂಬ ದನಿಗಳು ಕೇಳಿಸುತ್ತವೆ. ಒಕೊಂಕ್ವೊ ಮಚ್ಚನ್ನು ಮರಳಿಗೆ ಒರೆಸಿಕೊಂಡು ಹೊರಟುಹೋಗುತ್ತಾನೆ. ಒಬ್ಬನೇ ಸೋತ. ಅವನ ಬಾಳಿಗೆ ಒದಗಿಬಂದ ಮಾತು ಆ ಕೊಳಲಿನವನದೇ ಆಗಿತ್ತು.

ಉನೋಕಾ ಸತ್ತದ್ದು ಮೈ ಊದಿಕೊಳ್ಳುವ ಕಾಯಿಲೆಯಿಂದ. ಅದು ಭೂಮಿಗೆ ಮೈಲಿಗೆ, ಹಾಗಾಗಿ ಅವನನ್ನು ಹೂಳುವಂತಿಲ್ಲ. ಕೆಟ್ಟ ಕಾಡಿಗೆ ಹೊತ್ತೊಯ್ದು ಬಿಟ್ಟರು. ಕೊಳಲನ್ನು ಜೊತೆಗೆ ಒಯ್ದ. ಒಕೊಂಕ್ವೊ ನೇಣು ಹಾಕಿಕೊಂಡ. ಅದೂ ಭೂಮಿಗೆ ಮೈಲಿಗೆ. ಊರವರು ಅವನ ಹೆಣ ಮುಟ್ಟುವಂತಿಲ್ಲ. ಹೊರಗಿನವರು ಬಂದು ಇಳಿಸಬೇಕು, ಅವರೇ ಹೂಳಬೇಕು. ಅಪ್ಪನಂತಾಗಬಾರದೆಂದು ಜೀವ ಸವೆಸಿದವನು, ತನ್ನವರ ಕೈಯಿಂದ ಮಣ್ಣು ಸಿಗದ ಸಾವಿನಲ್ಲಿ ಅಪ್ಪನ ಪಕ್ಕಕ್ಕೇ ಬಂದು ನಿಂತ. ಅಮಾಲಿಂಜೆಯ ಬೆನ್ನಿಗೆ ಮಣ್ಣು ಮುಟ್ಟಿಸಿದ ಪೈಲ್ವಾನ ತಾನು ನೆಲಕ್ಕಿಂತ ಒಂದಿಷ್ಟು ಮೇಲೆ ತೂಗುತ್ತಿದ್ದ. ಹಿರಿಮಗ ಹತ್ತಿರ ಇರಲಿಲ್ಲ. ಅಪ್ಪನ ಸಾವಿನ ಸುದ್ದಿಗೆ ಆ ಮಗ, ಕತ್ತಿ ಹಿಡಿದವನು ಕತ್ತಿಯಿಂದಲೇ ಸಾಯುತ್ತಾನೆ ಅಂದನೆಂದು ಅಚೆಬೆ 1960ರಲ್ಲಿ ಬಂದ ತನ್ನ ಮುಂದಿನ ಕಾದಂಬರಿಯಲ್ಲಿ ಬರೆಯುತ್ತಾನೆ. ಒಬಿಯೆರಿಕಾ ಜಿಲ್ಲಾಧಿಕಾರಿಯ ಕಡೆ ತಿರುಗಿ, ಇವನು ನಮ್ಮೂರ ದೊಡ್ಡ ಮನುಷ್ಯರಲ್ಲಿ ಒಬ್ಬ, ನೀವು ಅವನನ್ನು ಸಾವಿಗೆ ದೂಡಿದಿರಿ, ಈಗ ನಾಯಿಯ ಹಾಗೆ ಮಣ್ಣಾಗುತ್ತಾನೆ, ಎನ್ನುವಷ್ಟರಲ್ಲಿ ಗಂಟಲು ಕಟ್ಟುತ್ತದೆ. ಅಧಿಕಾರಿ ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಪ್ಯಾರಾ ಕೊಡಬಹುದು ಎಂದು ಲೆಕ್ಕ ಹಾಕುತ್ತಾನೆ.

ಅಪ್ಪ ಹೋದ ದಿನ ಬೆಳಿಗ್ಗೆ ಹಿತ್ತಲಲ್ಲಿ ಗೋಡೆಗೆ ಆನಿಸಿ ಕೂರಿಸಿ ಮೈ ತೊಳೆದೆವು. ಅಣ್ಣ ತೋಳು ಹಿಡಿದಿದ್ದ. ಅವ್ವ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ನಾನು ಮುಖ ತೊಳೆದು, ಕುತ್ತಿಗೆ ತೊಳೆದು, ಎಡಗಿವಿಯ ಹತ್ತಿರ ಬಂದು ಕೈ ನಿಲ್ಲಿಸಿದೆ. ಅವ್ವ ನೋಡಿದಳು.

"ಕಿವಿ ಹಿಂದ ಚೊಲೋ ತಿಕ್ಕಪಾ," ಅಂದಳು. "ಅಲ್ಲೇ ಮಣ್ಣು ಕೂಡತಿತ್ತು ಅವರಿಗೆ. ದಿನಾ ನಾನ ತೊಳೀತಿದ್ದೆ."